ಬಾಳೆನಾರಿನ ಕಟ್ಟು

ಹೊಳೆನರಸೀಪುರ ತಾಲೂಕು, ನಮ್ಮೂರು
ಗುರುವಾರ, 11 ಸೆಪ್ಟೆಂಬರ್ 2025

ಪ್ರೀತಿಯ ಸಿಂಧು,

ಅಭ್ಯಾಸಬಲದಿಂದ ‘ಪ್ರೀತಿಯ’ ಅಂತ ಬಂದುಬಿಟ್ಟಿತು. ಹೊಡೆದು ಹಾಕೋಣ ಅಂದುಕೊಂಡೆ, ಆಮೇಲೆ ಇರಲಿ ಅಂತ ಬಿಟ್ಟೆ. ಹನ್ನೊಂದು ವರ್ಷ ಒಟ್ಟಿಗೆ ಇದ್ದವರು ನಾವು. ಕ್ಷೇಮವೇ ಅಂತ ಮಾತ್ರ ಕೇಳುವುದಿಲ್ಲ. ಚನ್ನರಾಯಪಟ್ಟಣದ ತವರಿನಲ್ಲಿ ನೀನು ಕ್ಷೇಮವಾಗಿಯೇ ಇದ್ದೀಯ ಅಂತ ಗೊತ್ತು. ನನ್ನ ನಂಬರು ಬ್ಲಾಕ್ ಮಾಡಿದವಳು ನಮ್ಮ ಮನೆಯವರ ನಂಬರು ಮಾಡುವುದು ಮರೆತಿದ್ದೀಯ. ಹೊಸ ಸೀರೆಯ ಸ್ಟೇಟಸ್ ನೋಡಿದೆ. ಬಣ್ಣ ನಿನಗೆ ಒಪ್ಪುತ್ತದೆ.

ಫೋನು ಎತ್ತುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಎಂಥ ಕಾಗದ ಅಂತ ಒಮ್ಮೆ ತಿರುಗಿಸಿ ನೋಡು. ಕಸದ ಶೆಡ್ಡಿನಲ್ಲಿ ಉಳಿದಿದ್ದ ನಮ್ಮ ಕರಪತ್ರಗಳು. ಆ ಕಡೆ ನಿನ್ನ ಫೋಟೋ, ನೀನೇ ಬರೆದುಕೊಟ್ಟ ‘ಹಸಿ ಕಸ, ಒಣ ಕಸ ಬೇರೆ ಮಾಡಿ’. ಈ ಕಡೆ ನನ್ನ ಕೋಳಿಕಾಲು ಅಕ್ಷರ. ಒಂದು ಕಡೆ ಖಾಲಿ ಇರುವ ಕಾಗದ ಇನ್ನೂ ಕಸ ಆಗಿಲ್ಲ ಅಂತ ಹೇಳಿಕೊಟ್ಟವಳು ನೀನೇ. ಲಕೋಟೆ ಇಷ್ಟು ದಪ್ಪ ಇರುವುದು ಕಾಗದದಿಂದ ಮಾತ್ರ ಅಲ್ಲ. ಒಳಗೆ ಇನ್ನೊಂದು ಸಣ್ಣ ಪೊಟ್ಟಣ ಇದೆ. ಓದಿ ಮುಗಿಸುವ ತನಕ ಅದನ್ನು ಮುಟ್ಟಬೇಡ.

ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ಬರುವ ಸೋಮವಾರ ಗ್ರಾಮಸಭೆ ಕರೆದಿದ್ದಾರೆ. ಊರಿನ ಒಣ ಕಸವನ್ನು ನಿಮ್ಮ ತೋಟದ ಬಾವಿಗೆ ಸುರಿದವಳು ಈ ಯಶಸ್ವಿನಿ ಅಂತ ಅಲ್ಲಿ ತೀರ್ಮಾನ ಆಗುತ್ತದೆ. ಕಸದ ಗಾಡಿಯ ಕೀ ನನ್ನ ಕೈಯಿಂದ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಈ ಊರಿನ ಹೆಂಗಸರ ಮುಂದೆ ಇನ್ನು ಬಾಯಿ ತೆಗೆಯುವ ಯೋಗ್ಯತೆ ಹೋಗುತ್ತದೆ. ಅದನ್ನು ತಡೆಯಲು ಒಬ್ಬಳಿಗೇ ಸಾಧ್ಯ. ಅದು ನೀನು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ ಅನ್ನಿಸಿದರೆ ಬೇಜಾರು ಮಾಡಿಕೊಳ್ಳಬೇಡ. ಪಂಚಾಯಿತಿಯಲ್ಲಿ ನಿನ್ನ ಮಾತು ಕೇಳಿದ ಮೇಲೆ, ನಿನಗೆ ಬಹಳಷ್ಟು ಮರೆತುಹೋಗಿದೆ ಅಂತ ನನಗೆ ಅನುಮಾನ.

ನಾವಿಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದೆವು. ನೀನು ನಂಜಪ್ಪನವರ ದೊಡ್ಡ ಮನೆಗೆ, ನಾನು ಅರಕಲಗೂಡಿನ ಕಡೆಯಿಂದ ಚಿಕ್ಕಯ್ಯನವರ ಮೂರಂಕಣದ ಮನೆಗೆ. ನಿಮ್ಮ ಮನೆಗೆ ನಮ್ಮವರು ಹೋದರೆ ಜಗಲಿಯ ಕೆಳಗೇ ನಿಂತು ಮಾತಾಡಿ ಬರುವುದು ರೂಢಿ. ನೀನು ಮಾತ್ರ ಮಹಿಳಾ ಸಂಘದ ಮೊದಲ ಸಭೆಯಲ್ಲೇ ನನ್ನ ಕೈ ಹಿಡಿದು ನಿನ್ನ ಚಾಪೆಯ ಮೇಲೆ ಕೂರಿಸಿಕೊಂಡೆ. ನಿನ್ನ ಬಿಸ್ಕತ್ತಿನ ಅರ್ಧ ನನಗೆ ಕೊಟ್ಟೆ. ಇಷ್ಟಕ್ಕೇ ಕರಗಿಹೋದವಳು ನಾನು, ಎಷ್ಟು ಅಗ್ಗ ನೋಡು.

ಎರಡೂವರೆ ವರ್ಷದ ಹಿಂದೆ ಪಂಚಾಯಿತಿಗೆ ಕಸದ ಗಾಡಿ ಬಂತು. ಹೆಂಗಸರೇ ಓಡಿಸಬೇಕು, ಮಹಿಳಾ ಒಕ್ಕೂಟವೇ ನೋಡಿಕೊಳ್ಳಬೇಕು ಅಂತ ಆಯಿತು. ಒಕ್ಕೂಟದ ಅಧ್ಯಕ್ಷೆ ನೀನು. ಹಾಸನದಲ್ಲಿ ಒಂದು ತಿಂಗಳು ಡ್ರೈವಿಂಗ್ ಕಲಿಯಲು ಯಾರು ಹೋಗುತ್ತೀರಿ ಅಂದಾಗ ಎಲ್ಲರೂ ಸೆರಗು ಸರಿಮಾಡಿಕೊಂಡು ಗೋಡೆ ನೋಡಿದರು. ನೀನು ನನ್ನನ್ನು ಕೇಳದೆಯೇ ನನ್ನ ಹೆಸರು ಬರೆಸಿದೆ. ಮನೆಯವರು ಎರಡು ದಿನ ಮುಖ ಊದಿಸಿಕೊಂಡು ಒಪ್ಪಿದರು. ಒಪ್ಪದೇ ಇದ್ದವರು ನಮ್ಮತ್ತೆ ಬೈರಮ್ಮ. “ಊರ್ ಕಸ ಬಾಚೋಳು ಅಡ್ಗೆಮನೇಗ್ ಎಂಗವ್ವ ಬತ್ತಾಳೆ?” ಅಂತ ಒಂದೇ ಹಠ.

ಆಗ ನೀನು ನಮ್ಮ ಮನೆಗೆ ಬಂದೆ. ದೊಡ್ಡ ಮನೆಯ ಸೊಸೆ ನಮ್ಮ ಅಡುಗೆಮನೆಯ ಮಣೆ ಎಳೆದುಕೊಂಡು ಕೂತು, ಕಾಫಿ ಕೇಳಿ ಕುಡಿದದ್ದನ್ನು ಅತ್ತೆ ಇವತ್ತಿಗೂ ಹೇಳುತ್ತಾರೆ. ಹಂಡೆ ಒಲೆಯ ಕಡೆ ಕೈ ತೋರಿಸಿ ಕೇಳಿದೆ, ಅದೇನು ವಾಸನೆ ಅಂತ. ಹಸು ಮಾರಿದ ಮೇಲೆ ನಮ್ಮಲ್ಲೂ ಪ್ಯಾಕೆಟ್ ಹಾಲು. ಖಾಲಿ ಕವರು ಹಾಕಿಯೇ ಒಲೆ ಹೊತ್ತಿಸುತ್ತಿದ್ದೆವು, ಊರೆಲ್ಲ ಹಾಗೇ ಮಾಡುತ್ತಿತ್ತು. ಆ ಹೊಗೆ ನಿಮ್ಮ ಮೊಮ್ಮಗಳ ಎದೆಗೆ ಹೋಗುತ್ತದೆ ಅಂದೆ. ಅದೇ ಕವರನ್ನು ತೊಳೆದು ಕೊಟ್ಟರೆ ಕಾರ್ಖಾನೆಯಲ್ಲಿ ಕರಗಿಸಿ ಬೆಂಚು ಮಾಡುತ್ತಾರೆ, ಮೊದಲನೇ ಬೆಂಚು ನಮ್ಮ ಅಂಗನವಾಡಿಗೇ ಬರುತ್ತದೆ, ನೆಲದ ಮೇಲೆ ಕೂರುವ ನನ್ನ ಮಗಳು ನಿಸರ್ಗ ಅದರ ಮೇಲೆ ಕೂರುತ್ತಾಳೆ ಅಂದೆ. ಆ ದಿನ ನೀನು ಸುಳ್ಳು ಹೇಳಲಿಲ್ಲ ಅಂತಲೇ ನಾನು ಇನ್ನೂ ನಂಬಿದ್ದೇನೆ. ನಿನ್ನ ಕಣ್ಣು ನೋಡಿದ್ದೆನಲ್ಲ.

ಅವತ್ತಿನಿಂದ ಅತ್ತೆ ಬೇರೆಯೇ ಮನುಷ್ಯರಾದರು. ಕವರಿನ ಮೂಲೆ ಪೂರ್ತಿ ಕತ್ತರಿಸಬಾರದು, ಚೂರು ಕಳೆದುಹೋಗುತ್ತದೆ ಅಂತ ನೀನು ಹೇಳಿದ್ದೆ. ನಾನು ಮರೆತು ಕತ್ತರಿಸಿದರೆ ನನಗೆ ಬೈಗುಳ. ತೊಳೆದು, ಬಟ್ಟೆಯ ಹಗ್ಗಕ್ಕೆ ಸಿಕ್ಕಿಸಿ, ಒಣಗಿದ ಮೇಲೆ ಅಂಗೈಯಿಂದ ತಟ್ಟಿ ನೆಟ್ಟಗೆ ಮಾಡಿ, ಇಪ್ಪತ್ತು ಎಣಿಸಿ ಬಾಳೆನಾರಿನಿಂದ ಕಟ್ಟುವುದು. ಅವರ ತವರಿನಲ್ಲಿ ಎಲೆತೋಟ ಇತ್ತಲ್ಲ, ವೀಳ್ಯದೆಲೆಗೆ ಹಾಕುತ್ತಿದ್ದ ಅದೇ ಗಂಟು: ಎರಡು ಸುತ್ತು, ಒಂದು ಮಡಿಕೆ, ತುದಿಯಲ್ಲಿ ಸಣ್ಣ ಬಾಲ. ಊರಿನಲ್ಲಿ ಆ ಗಂಟು ಇನ್ನೊಬ್ಬರಿಗೆ ಬರುವುದಿಲ್ಲ. ಬೀದಿಯ ಏಳು ಮನೆಯ ಕವರೂ ಅತ್ತೆಯ ಹತ್ತಿರವೇ ಬರತೊಡಗಿತು. ತಿಂಗಳ ಕೊನೆಗೆ ಕಟ್ಟುಗಳನ್ನು ಗಾಡಿಗೆ ತಾವೇ ಇಟ್ಟು, ಬೆಂಚು ಯಾವಾಗ ಬರುತ್ತದೆ ಅಂತ ಕೇಳುವರು. ನಾನು ನಿನ್ನನ್ನು ಕೇಳುತ್ತಿದ್ದೆ. ನೀನು ಮುಂದಿನ ತಿಂಗಳು ಅನ್ನುತ್ತಿದ್ದೆ. ನಾನು ಹೋಗಿ ಅತ್ತೆಗೆ ಮುಂದಿನ ತಿಂಗಳು ಅನ್ನುತ್ತಿದ್ದೆ.

ಹಾಸನದ ಲಾರಿ ತಿಂಗಳಿಗೊಮ್ಮೆ ಗುರುವಾರ ಬಂದು ಶೆಡ್ಡು ಖಾಲಿ ಮಾಡುತ್ತದೆ ಅನ್ನುವುದು ಲೆಕ್ಕ. ಗುರುವಾರ ನಾನು ಕಾಲುವೆಯ ಆಚೆಯ ಮೂರು ಹಳ್ಳಿಗೆ ಹೋಗುವ ದಿನ. ಬರುವಷ್ಟರಲ್ಲಿ ಶೆಡ್ಡು ಗುಡಿಸಿದ ಹಾಗಿರುತ್ತಿತ್ತು. ನೀನು ರಿಜಿಸ್ಟರು ತೆರೆದು, ‘ಒಣ ಕಸ ಸಾಗಿಸಲಾಗಿದೆ’ ಅನ್ನುವುದರ ಕೆಳಗೆ ಬೆರಳಿಟ್ಟು ಇಲ್ಲಿ ಹಾಕೇ ಅನ್ನುತ್ತಿದ್ದೆ. ನಾನು ಹಾಕುತ್ತಿದ್ದೆ. ಓದು ಬರದವಳಲ್ಲ ನಾನು, ಪಿಯುಸಿ ಪಾಸು. ನೀನು ಬೆರಳಿಟ್ಟ ಕಡೆ ಓದುವುದು ಅಂದರೆ ನಿನ್ನನ್ನು ಅನುಮಾನಿಸಿದ ಹಾಗೆ ಅಂತ ಸುಮ್ಮನಿದ್ದೆ. ಈಗ ಆ ಸಹಿಗಳೇ ಪಿಡಿಒ ಅವರ ಮೇಜಿನ ಮೇಲೆ ನನ್ನ ವಿರುದ್ಧ ಸಾಕ್ಷಿಯಾಗಿ ಕೂತಿವೆ.

ಫೆಬ್ರವರಿಯಲ್ಲಿ ನಮ್ಮ ಪಂಚಾಯಿತಿಗೆ ಪ್ರಶಸ್ತಿ ಬಂತಲ್ಲ, ಹಾಸನದ ವೇದಿಕೆ ಮೇಲೆ ನಿನಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ನನ್ನ ಕೈಗೆ ಕೊಟ್ಟರು. ಬುಟ್ಟಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ನೀನು ಅಲ್ಲೇ ಬಿಡಿಸಿ ಮಡಿಚಿ ಬ್ಯಾಗಿಗೆ ಹಾಕಿಕೊಂಡೆ. ಒಣ ಕಸ ಕಣೇ ಅಂತ ನಕ್ಕೆ. ಬಸ್ಸಿನಲ್ಲಿ ಊರಿಗೆ ಬರುವ ತನಕ ನಾವಿಬ್ಬರೂ ಅದನ್ನೇ ನೆನೆಸಿಕೊಂಡು ನಗುತ್ತಿದ್ದೆವು. ಆ ದಿನಕ್ಕೆ ಲಾರಿ ನಿಂತು ಒಂದು ತಿಂಗಳಾಗಿತ್ತು ಅಂತ ನನಗೆ ಈಗ ಗೊತ್ತು. ನಿನಗೆ ಆಗಲೇ ಗೊತ್ತಿತ್ತು. ಆದರೂ ಹಾಗೆ ನಕ್ಕೆಯಲ್ಲ, ಅದನ್ನು ಹೇಗೆ ಕಲಿತೆ ಅಂತ ನನಗೆ ತಿಳಿಯಬೇಕು.

ಲಾರಿಯ ವಿಷಯ ಹೇಗೆ ಗೊತ್ತಾಯಿತು ಅಂದರೆ, ನಾನೇ ಹೋದ ವಾರ ಹಾಸನಕ್ಕೆ ಹೋಗಿ, ಲಾರಿ ಕಳಿಸುತ್ತಿದ್ದ ಒಣ ಕಸದ ಗೋದಾಮಿನಲ್ಲಿ ವಿಚಾರಿಸಿದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಹೇಳಿದರು. ನಿಮ್ಮ ಪಂಚಾಯಿತಿಯ ಮಾಲಿನಲ್ಲಿ ಚಿಪ್ಸ್ ಪೊಟ್ಟಣ, ಹರಕು ಚಪ್ಪಲಿ ಎಲ್ಲ ಬೆರೆತಿರುತ್ತಿತ್ತು, ಬೇರೆ ಮಾಡಿ ಇಡಿ ಅಂತ ಅಧ್ಯಕ್ಷರಿಗೆ ಮೂರು ಸಲ ಹೇಳಿದೆವು, ಜನವರಿಯಿಂದ ನಮ್ಮ ಲಾರಿ ಬಂದಿಲ್ಲ. ಇಷ್ಟೇ. ಎಂಥ ಸಣ್ಣ ತೊಂದರೆ ಸಿಂಧು. ನಾವು ಹತ್ತು ಜನ ಹೆಂಗಸರು ಎರಡು ಮಧ್ಯಾಹ್ನ ಶೆಡ್ಡಿನಲ್ಲಿ ಕೂತು ಮಾತಾಡುತ್ತಾ ವಿಂಗಡಿಸಿ ಮುಗಿಸುತ್ತಿದ್ದೆವು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಪ್ರಶಸ್ತಿಯವರು ನೋಡಲು ಬರುವ ದಿನ ಶೆಡ್ಡು ಖಾಲಿ ಕಾಣಬೇಕು ಅಂತ ನೀನು ನಿನ್ನ ಗಂಡ ಅಭಿಷೇಕನ ಟ್ರ್ಯಾಕ್ಟರಿಗೆ ಹೇರಿಸಿದೆ. ಒಂದು ಸಲ ಹೋದದ್ದು ಪ್ರತಿ ತಿಂಗಳೂ ಹೋಯಿತು.

ಆದರೆ ನಿಮ್ಮ ಮನೆಯವರು ಒಂದು ಲೆಕ್ಕ ತಪ್ಪಿದರು. ಕಸ ಸುರಿಯಲು ಶುರು ಮಾಡಿದಾಗ ಕಾಲುವೆ ಒಣಗಿತ್ತು, ಬಾವಿಯ ತಳ ಕಾಣುತ್ತಿತ್ತು. ಬೋರ್‌ವೆಲ್ ಬಂದ ಮೇಲೆ ಆ ಬಾವಿಯನ್ನು ಯಾರೂ ಇಣುಕಿ ನೋಡಿದವರಲ್ಲ. ಹೇಮಾವತಿ ಕಾಲುವೆಗೆ ನೀರು ಬಿಟ್ಟರೆ ಕೆಳಗಿನ ಬಾವಿಗಳೆಲ್ಲ ತಾವಾಗಿ ತುಂಬುತ್ತವೆ ಅನ್ನುವುದು ನಮ್ಮತ್ತೆಯಂಥವರಿಗೆ ಗೊತ್ತು, ಅಭಿಷೇಕನಿಗೆ ಮರೆತುಹೋಗಿತ್ತು. ಈ ಸಲ ನೀರು ಚೆನ್ನಾಗಿ ಹರಿಯಿತು. ಬಾವಿ ದಿನಕ್ಕಿಷ್ಟು ಮೇಲೆ ಬಂತು, ಕಸವನ್ನೂ ತನ್ನ ಜೊತೆಗೇ ಎತ್ತಿಕೊಂಡು ಬಂತು.

ನೀನು ಗೌರಿ ಬಾಗಿನಕ್ಕೆ ಅಂತ ತವರಿಗೆ ಹೋದ ನಾಲ್ಕನೇ ದಿನ ಅದು. ಕಾಲುವೆ ಏರಿಯ ಮೇಲೆ ಪೈಪು ನೋಡಲು ಹೋಗಿದ್ದ ನೀರುಗಂಟಿ ತಮ್ಮಯ್ಯ ಓಡಿ ಬಂದು ನನ್ನನ್ನು ಕರೆದ. ಏನು ಅಂದರೆ ಹೇಳಲಿಲ್ಲ, ಬಂದು ನೋಡು ಅಂದ. ನಾನು ಹೋಗುವಷ್ಟರಲ್ಲಿ ಅರ್ಧ ಊರು ಅಲ್ಲಿತ್ತು. ನಿಮ್ಮತ್ತೆ ಜಯಲಕ್ಷ್ಮಮ್ಮನವರು ಗೇಟಿನ ಹತ್ತಿರ ಕೀ ಗೊಂಚಲು ಹಿಡಿದು ನಿಂತಿದ್ದರು, ಯಾರ ಮುಖವನ್ನೂ ನೋಡಲಿಲ್ಲ. ಬಾವಿಯ ಬಾಯಿಯ ಮಟ್ಟಕ್ಕೆ ಬಾಟಲಿ, ಎಣ್ಣೆ ಪ್ಯಾಕೆಟ್ಟು, ಶಾಂಪೂ ಚೀಟಿ, ತೆಂಗಿನ ಗರಿ. ಅದರ ನಡುವೆ ಹಾಲಿನ ಕವರಿನ ಕಟ್ಟುಗಳು, ಒಂದಲ್ಲ ಎರಡಲ್ಲ. ಜನವರಿಯಿಂದ ಊರು ಮಾಡಿದ ಕೆಲಸವೆಲ್ಲ ಅಲ್ಲಿ ತೇಲುತ್ತಿತ್ತು.

ಅತ್ತೆ ದೋಟಿಯ ಕೊಕ್ಕೆಯಲ್ಲಿ ಒಂದು ಕಟ್ಟನ್ನು ಎಳೆದು ತೆಗೆದರು. ಸೆರಗಿನಲ್ಲಿ ಒರೆಸಿದರು. ಗಂಟನ್ನು ಹೆಬ್ಬೆರಳಿನಿಂದ ಸವರಿ ನನ್ನ ಕಡೆ ತಿರುಗಿದರು.

“ಇದು ನನ್ ಗಂಟು ಕಣವ್ವ. ಬೆಂಚಿಗ್ ಓಗಿತ್ತಲ್ಲ, ಇಲ್ಯಾಕ್ ಬಂತು?”

ನಾನು ಗೊತ್ತಿಲ್ಲ ಅತ್ತೆ ಅಂದೆ.

ಆಮೇಲೆ ಪಂಚಾಯಿತಿ. ಸೋಮವಾರ ಪಿಡಿಒ ನನ್ನನ್ನು ಕರೆಸಿದರು. ಮೆಂಬರುಗಳೆಲ್ಲ ಇದ್ದರು. ನಿನ್ನ ಗಂಡ ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತಿದ್ದ. ಅಧ್ಯಕ್ಷರನ್ನೂ ಒಂದು ಮಾತು ಕೇಳೋಣ ಅಂತ ಪಿಡಿಒ ನಿನಗೆ ಫೋನು ಮಾಡಿ ಮೇಜಿನ ಮೇಲೆ ಸ್ಪೀಕರಿಗೆ ಹಾಕಿದರು. ನಾನು ಅಲ್ಲಿದ್ದೇನೆ ಅಂತ ನಿನಗೆ ಹೇಳಲಿಲ್ಲ. ನನಗೆ ಎಷ್ಟು ಧೈರ್ಯ ಬಂತು ಗೊತ್ತಾ? ಇನ್ನೇನು ಸಿಂಧು ಮಾತಾಡುತ್ತಾಳೆ, ಎಲ್ಲ ಸರಿಹೋಗುತ್ತದೆ ಅಂತ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿಕೊಂಡೆ ಕೂಡ.

“ನಂಗೇನೂ ಗೊತ್ತಿಲ್ಲ ಸರ್. ಲೋಡ್ ಸಾಗ್ಸೋದೆಲ್ಲ ಯಶಸ್ವಿನಿದು, ರಿಜಿಸ್ಟರಲ್ಲಿ ಅವಳದೇ ಸೈನ್ ಇದೆ ನೋಡಿ. ಡೀಸೆಲ್ ಉಳೀಲಿ ಅಂತ ಅಲ್ಲೇ ಸುರಿದಿರ್ಬೋದು.”

ನಿನ್ನ ದನಿ ಒಂಚೂರೂ ನಡುಗಲಿಲ್ಲ. ನಡುಗಿದ್ದರೆ ನಾನು ಇವತ್ತಿಗೆ ಕ್ಷಮಿಸಿರುತ್ತಿದ್ದೆ. ನಿಮ್ಮ ತೋಟದ ಗೇಟಿಗೆ ಬೀಗ ಇದೆ, ಕೀ ನಿಮ್ಮತ್ತೆಯ ಸೊಂಟದಲ್ಲಿರುತ್ತದೆ, ನನ್ನ ಗಾಡಿ ಆ ಏರಿಯನ್ನು ಹತ್ತುವುದಿಲ್ಲ, ಟ್ರ್ಯಾಕ್ಟರು ಮಾತ್ರ ಹತ್ತುತ್ತದೆ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತು. ನಾನು ಹೇಳಿದೆ. ದೊಡ್ಡ ಮನೆಯ ವಿಷಯ, ಗ್ರಾಮಸಭೆಯಲ್ಲಿ ಮಾತಾಡೋಣ ಅಂತ ಎದ್ದರು. ನನ್ನ ತಲೆ ಮೇಲೆ ಗೂಬೆ ಕೂರಿಸುವುದು ಅಷ್ಟು ಸುಲಭ ಅಂತ ನಿನಗೆ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಚಾಪೆಯ ಮೇಲೆ ಕೂರಿಸಿಕೊಂಡದ್ದೇ ಇದಕ್ಕಾ ಅಂತ ಆ ದಿನದಿಂದ ಯೋಚಿಸುತ್ತಿದ್ದೇನೆ. ಹಾಗೆ ಯೋಚಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ, ಆಮೇಲೆ ಮತ್ತೆ ಅದನ್ನೇ ಯೋಚಿಸುತ್ತೇನೆ.

ಈಗಿನ ಸ್ಥಿತಿ ಕೇಳು. ಗಾಡಿಯ ಮೈಕಿನಲ್ಲಿ ನೀನು ರೆಕಾರ್ಡು ಮಾಡಿಸಿದ್ದು ಇದೆಯಲ್ಲ, ‘ಅಕ್ಕ, ಅವ್ವ, ನಿಮ್ಮ ಕಸ ಕೊಡಿ’ ಅಂತ, ಅದನ್ನು ಆಫ್ ಮಾಡಿದ್ದೇನೆ. ಬೆಳಿಗ್ಗೆ ಬೆಳಿಗ್ಗೆ ನಿನ್ನ ದನಿ ಬೀದಿಯಲ್ಲಿ ಪ್ರೀತಿಯಿಂದ ಕೂಗುವುದನ್ನು ನನ್ನಿಂದ ಕೇಳಲಾಗುವುದಿಲ್ಲ. ಸ್ಟೀಲ್ ತಟ್ಟೆಗೆ ಸೌಟಿನಿಂದ ಬಾರಿಸುತ್ತಾ ಹೋಗುತ್ತೇನೆ. ಬಾಗಿಲು ತೆರೆಯುವವರು ಕಡಿಮೆ. ತೆರೆದವರೂ ಹಸಿ, ಒಣ, ಮಕ್ಕಳ ಡೈಪರ್ ಎಲ್ಲ ಒಂದೇ ಚೀಲಕ್ಕೆ ತುಂಬಿ ಎಸೆಯುತ್ತಾರೆ. ಬೇರೆ ಮಾಡಿ ಕೊಡಿ ಅಂದರೆ, ಬಾವಿಗೆ ಹಾಕುವುದಕ್ಕೆ ಬೇರೆ ಯಾಕೆ ಅಂತ ಕೇಳುತ್ತಾರೆ. ನಮ್ಮ ಕಿವಿ ಮೇಲೆ ಹೂ ಇಟ್ಟೆಯಲ್ಲ ಅಂತ ನನ್ನ ಮುಖಕ್ಕೇ ಹೇಳಿದವರಿದ್ದಾರೆ. ನೆನ್ನೆ ಐದು ಮನೆಯ ಹಿತ್ತಿಲಿನಲ್ಲಿ ಪ್ಲಾಸ್ಟಿಕ್ ಸುಡುವ ಹೊಗೆ ನೋಡಿದೆ.

ಊರಿನಲ್ಲಿ ಇನ್ನೂ ಕವರು ತೊಳೆಯುತ್ತಿರುವುದು ಒಬ್ಬರೇ, ನಮ್ಮತ್ತೆ. ಅವರ ಲೆಕ್ಕ ಸರಳ. ಆ ದೊಡ್ಡ ಮನೆಯವರು ಮೋಸ ಮಾಡಿದರು, ನನ್ನ ಸೊಸೆ ಮಾಡಲಿಲ್ಲ, ಅವಳು ಗಾಡಿ ಓಡಿಸುವ ತನಕ ನಾನು ತೊಳೆಯುತ್ತೇನೆ. ಬೀದಿಯಲ್ಲಿ ಯಾರಾದರೂ ನನ್ನ ವಿಷಯ ಎತ್ತಿದರೆ ಸೌದೆ ಹಿಡಿದು ನಿಲ್ಲುತ್ತಾರೆ. ಮದುವೆಯಾದಾಗಿನಿಂದ ಈ ಮನೆಯಲ್ಲಿ ನನ್ನ ಪರ ಅವರು ನಿಂತದ್ದು ಇದೇ ಮೊದಲು. ಅದನ್ನು ನೋಡಲಾಗದೆ ನಾನು ಒಳಗೆ ಹೋಗಿಬಿಡುತ್ತೇನೆ. ಯಾಕೆ ಅಂತ ಈಗಲೇ ಕೇಳಬೇಡ.

ನಿನ್ನನ್ನು ಬೇಡಿಕೊಳ್ಳುತ್ತಿಲ್ಲ. ಸೋಮವಾರ ಹತ್ತೂವರೆಗೆ ಶಾಲೆಯ ಅಂಗಳದಲ್ಲಿ ಸಭೆ. ಎಂಟೂವರೆಗೆ ಚನ್ನರಾಯಪಟ್ಟಣದಿಂದ ಬಸ್ಸು ಹತ್ತಿದರೆ ಸಮಯಕ್ಕೆ ಬರುತ್ತೀಯ. ಬಂದು, ಲಾರಿ ನಿಂತದ್ದು ಹೇಳು, ಟ್ರ್ಯಾಕ್ಟರು ಹೋದದ್ದು ಹೇಳು. ಬೈಯುತ್ತಾರೆ, ಬೈಸಿಕೊಳ್ಳೋಣ, ನಾನೂ ಪಕ್ಕದಲ್ಲೇ ನಿಲ್ಲುತ್ತೇನೆ. ಬಾವಿಯ ಕಸ ತೆಗೆದು ಒಣಗಿಸಿ ವಿಂಗಡಿಸಿದರೆ ಆ ಗೋದಾಮಿನವರು ಲಾರಿ ಕಳಿಸುತ್ತಾರಂತೆ, ಮಾತಾಡಿ ಬಂದಿದ್ದೇನೆ. ನೀನು ಬರದಿದ್ದರೆ, ನಾನು ಹೇಳುವುದನ್ನು ನಾನು ಹೇಳುತ್ತೇನೆ. ನಂಬುವವರು ನಂಬಲಿ.

ಇನ್ನೂ ನಿನ್ನ ಗೆಳತಿ ಅಂತ ಬರೆಯಬಹುದೋ ಇಲ್ಲವೋ ಗೊತ್ತಿಲ್ಲದ,
ಯಶಸ್ವಿನಿ

ವಿ.ಸೂ.: ಶುಕ್ರವಾರ ಬೆಳಿಗ್ಗೆ, ಲಕೋಟೆ ಅಂಟಿಸುವ ಮೊದಲು, ಇದನ್ನು ಸೇರಿಸುತ್ತಿದ್ದೇನೆ. ಈಗ ಪೊಟ್ಟಣ ಬಿಚ್ಚು. ಇಪ್ಪತ್ತು ಹಾಲಿನ ಕವರು, ಅತ್ತೆಯ ಗಂಟು. ಇದು ಬಾವಿಯಿಂದ ತೆಗೆದದ್ದಲ್ಲ, ನೀರು ಮುಟ್ಟಿಲ್ಲ ನೋಡು. ಮಾರ್ಚ್ ತಿಂಗಳ ಒಂದು ಗುರುವಾರ ಬೇಗ ಹಿಂತಿರುಗಿದ್ದೆ. ನಿಮ್ಮ ತೋಟದ ಗೇಟಿನ ಮುಂದೆ ಇದು ಬಿದ್ದಿತ್ತು, ಟ್ರ್ಯಾಕ್ಟರಿನ ಗಾಲಿಯ ಗುರುತು ಒಳಕ್ಕೆ ಹೋಗಿತ್ತು. ಇಳಿದು ಎತ್ತಿಕೊಂಡೆ. ಅರ್ಥವಾಯಿತು. ಗಾಡಿಯ ಸೀಟಿನ ಕೆಳಗೆ ಇಟ್ಟೆ, ಆರು ತಿಂಗಳು ಅದರ ಮೇಲೇ ಕೂತು ಓಡಿಸಿದೆ. ನಿನ್ನನ್ನು ಕೇಳಿದರೆ ನೀನು ಹೋಗುತ್ತೀಯ, ಗಾಡಿಯೂ ಹೋಗುತ್ತದೆ ಅಂತ ಭಯ. ಆ ಸ್ಟೇರಿಂಗು ಬಿಟ್ಟರೆ ನನ್ನದು ಅಂತ ನನಗೆ ಏನಿತ್ತು ಹೇಳು. ಅವತ್ತು ಸಂಜೆಯೂ ಅತ್ತೆ ಬೆಂಚು ಕೇಳಿದರು, ಮುಂದಿನ ತಿಂಗಳು ಅಂದೆ. ಅದು ನೀನು ಹೇಳಿಕೊಟ್ಟ ಸುಳ್ಳಲ್ಲ, ನನ್ನ ಸ್ವಂತದ್ದು. ಸೋಮವಾರ ನಾನು ಮೊದಲು ಹೇಳುವುದು ಇದನ್ನೇ.

ನೆನ್ನೆ ಸಂಜೆ ಲಕೋಟೆ ಅಂಟಿಸಲು ಅತ್ತೆಯ ಹತ್ತಿರ ಅನ್ನದ ಅಗುಳು ಕೇಳಿದೆ. ಇಷ್ಟು ದಪ್ಪ ಏನಿದೆ ಅಂತ ಅವರು ಕೈಯಲ್ಲಿ ಒತ್ತಿ ನೋಡಿದರು. ಗಂಟು ಬೆರಳಿಗೆ ಸಿಕ್ಕಿತು. ಊರಿಗೆ ಹೇಳುವ ಮೊದಲು ಅವರಿಗೆ ಹೇಳಬೇಕಾಗಿತ್ತು, ಹೇಳಿದೆ, ಎಲ್ಲ. “ಅಂಗಾರೆ ನಿಂಗೂ ಗೊತ್ತಿತ್ತು ಅನ್ನು” ಅಂದರು, ಅಷ್ಟೇ. ಬೈಯಲಿಲ್ಲ. ಅಗುಳು ತಂದುಕೊಟ್ಟರು.

ಇವತ್ತು ಬೆಳಿಗ್ಗೆ ಹಾಲು ಕಾಯಿಸಿ ಖಾಲಿ ಕವರನ್ನು ಹಂಡೆ ಒಲೆಗೆ ಹಾಕಿದರು. ಆ ವಾಸನೆ ಇನ್ನೂ ಮನೆಯೊಳಗಿದೆ.